ಎದೆಮಟ್ಟದ ಬೇಲಿ

ಸತ್ತೂರಿನಲ್ಲಿ ಈಗ ಸೈಟು ಕೊಂಡವರು ಮನೆಗಿಂತ ಮೊದಲು ಕಂಪೌಂಡ್ ಕಟ್ಟಿಸುತ್ತಾರೆ. ಆರಡಿ ಗೋಡೆ, ಅದರ ಮೇಲೆ ತಂತಿ, ಮುಂದೊಂದು ಕಬ್ಬಿಣದ ಗೇಟು. ನಮ್ಮ ಲೇಔಟಿನಲ್ಲಿ ಗೋಡೆಯ ಬದಲು ಗಿಡದ ಬೇಲಿ ಉಳಿದಿರುವುದು ಎರಡೋ ಮೂರೋ ಮನೆಗಳಲ್ಲಿ. ಅದರಲ್ಲಿ ನಮ್ಮದೂ ಒಂದು. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೂ ಧಾರವಾಡಕ್ಕೂ ಓಡಾಡುವವರಿಗೆ ಸತ್ತೂರ ಅಂದರೆ ಎಸ್‌ಡಿಎಂ ಆಸ್ಪತ್ರೆಯ ಸ್ಟಾಪು, ಅಷ್ಟೆ. ನಮಗೆ ಸತ್ತೂರ ಅಂದರೆ ಈ ಬೇಲಿ. ಅದರ ಈ ಕಡೆ ನಾವು, ಆ ಕಡೆ ಕಾಕು.

ಬೇಲಿ ಹಚ್ಚಿದ್ದು ಇಬ್ಬರು. ಒಬ್ಬರು ನಮ್ಮಪ್ಪ, ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಇನ್ನೊಬ್ಬರು ಪಕ್ಕದ ಮನೆಯ ಮಾಸ್ತರು, ಸಾಲಿಯಲ್ಲಿ ಗಣಿತ ಕಲಿಸುತ್ತಿದ್ದವರು. ಇಬ್ಬರೂ ಸಾಲ ಮಾಡಿ ಮನೆ ಕಟ್ಟಿದ್ದರು. ನಡುವಿನ ಗೋಡೆಗೆ ಅಂತ ಇಬ್ಬರ ಹತ್ತಿರವೂ ದುಡ್ಡು ಉಳಿದಿರಲಿಲ್ಲ. ಆ ಮಳೆಗಾಲದಲ್ಲಿ ಮಾಸ್ತರು ತಮ್ಮೂರಿಂದ ಮದರಂಗಿ ಕಡ್ಡಿ ತಂದರು. ಅಪ್ಪ ಧಾರವಾಡದ ನರ್ಸರಿಯಿಂದ ಹಳದಿ ಎಲೆಯ ಡುರಾಂಟಾ ಸಸಿ ತಂದರು. ಹಿತ್ತಲ ಕಡೆ ಮದರಂಗಿ, ಅಂಗಳದ ಕಡೆ ಡುರಾಂಟಾ ಅಂತ ಪಾಲಾಯಿತು.

ಎತ್ತರ ಎಷ್ಟಿರಬೇಕು ಅನ್ನುವುದನ್ನು ತೀರ್ಮಾನಿಸಿದ್ದು ಮಾಸ್ತರು. "ಕುಂತಾಗ ಕಾಣಬಾರದು, ನಿಂತಾಗ ಕಾಣಬೇಕು" ಅಂದರಂತೆ. ಅಂದರೆ ಅವರು ಕಟ್ಟೆ ಮೇಲೆ ಕೂತು ಪೇಪರ್ ಓದುವಾಗ, ನಮ್ಮವ್ವ ಕೂತು ಕಾಯಿಪಲ್ಯ ಸೋಸುವಾಗ ಯಾರ ಕಣ್ಣೂ ಬೀಳಬಾರದು. ಎದ್ದು ನಿಂತರೆ ಮಾತಾಡಲಿಕ್ಕೆ ಮುಖ ಕಾಣಬೇಕು. ಅಪ್ಪ ಟೇಪು ಹಿಡಿದು ಅಳತೆ ಮಾಡಿದರು. ನಾಲ್ಕು ಅಡಿ. ಇಪ್ಪತ್ತು ವರ್ಷಕ್ಕಿಂತ ಹೆಚ್ಚಾಯಿತು, ಬೇಲಿ ಅಷ್ಟೇ ಎತ್ತರಕ್ಕಿದೆ.

ಬೇಲಿ ತಾನಾಗಿಯೇ ಅಷ್ಟಕ್ಕೆ ನಿಂತಿದೆ ಅಂತ ಬಂದವರಿಗೆ ಅನ್ನಿಸುತ್ತದೆ. ನಿಲ್ಲುವುದಿಲ್ಲ ಸ್ವಾಮಿ. ಡುರಾಂಟಾವನ್ನು ಅದರ ಪಾಡಿಗೆ ಬಿಟ್ಟರೆ ಆಳೆತ್ತರ ದಾಟಿ ಹೋಗುತ್ತದೆ. ಮದರಂಗಿಯೂ ಹಾಗೆಯೇ. ಎತ್ತರಕ್ಕೆ ಬೆಳೆದ ಮೇಲೆ ಬುಡ ಬೋಳಾಗಿ ನಾಯಿ, ಹಂದಿ ಎಲ್ಲಾ ನುಸುಳುತ್ತವೆ. ನಾಲ್ಕು ಅಡಿ ಅನ್ನುವುದು ಯಾರೋ ಒಬ್ಬರು ಪ್ರತಿ ತಿಂಗಳು ಬೆವರು ಸುರಿಸಿ ಉಳಿಸಿಕೊಂಡ ಎತ್ತರ. ಹೋದ ವರ್ಷದವರೆಗೆ ಆ ಒಬ್ಬರು ಅಪ್ಪ ಆಗಿದ್ದರು.

ಹೋದ ವರ್ಷ ಅಪ್ಪನ ಬಲಭುಜ ಹಿಡಿದುಕೊಂಡಿತು. ಫ್ರೋಜನ್ ಶೋಲ್ಡರ್ ಅಂದರು ಡಾಕ್ಟರ್. ಅಂಗಿ ಹಾಕಿಕೊಳ್ಳುವುದೇ ಕಷ್ಟ, ಇನ್ನು ದೊಡ್ಡ ಕತ್ತರಿ ಎಲ್ಲಿ ಎತ್ತುತ್ತಾರೆ? ನನಗೆ ಬೆಂಗಳೂರಿನ ಕಂಪನಿ ಕೆಲಸ, ವರ್ಕ್ ಫ್ರಂ ಹೋಂ. ದಿನಕ್ಕೆ ಒಂಬತ್ತು ತಾಸು ಲ್ಯಾಪ್‌ಟಾಪ್ ಮುಂದೆ ಕೂತಿರುವವಳು. ಒಂದು ಭಾನುವಾರ ಅಪ್ಪ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, "ಬಾ ಇಲ್ಲಿ ತಂಗಿ, ಕತ್ತರಿ ತಗೊಂಡು ಬಾ" ಅಂದರು. ಅವತ್ತಿನಿಂದ ಬೇಲಿ ನನ್ನ ಪಾಲಿಗೆ ಬಂತು.

ಕತ್ತರಿಸುವ ಮೊದಲು ದಾರ

ಫಿಟ್ಟರ್ ಕಣ್ಣಿಗೆ ಒಂದು ಗುಣ ಇರುತ್ತದೆ. ಅಂದಾಜಿನ ಮೇಲೆ ಏನನ್ನೂ ನಂಬುವುದಿಲ್ಲ. ಎರಡು ತುದಿಗೆ ಎರಡು ಗೂಟ ಹೊಡೆದು, ನಾಲ್ಕು ಅಡಿಗೆ ಗೌಂಡಿಗಳ ಹಾಗೆ ದಾರ ಕಟ್ಟಿಸಿದರು. "ಕಣ್ಣು ಸುಳ್ಳು ಹೇಳತೈತಿ, ದಾರ ಹೇಳೂದಿಲ್ಲ" ಅಂದರು. ದಾರ ಇಲ್ಲದೆ ಕತ್ತರಿಸುತ್ತಾ ಹೋದರೆ ಒಂದು ಕಡೆ ತಗ್ಗು, ಅದನ್ನು ಸರಿ ಮಾಡಲಿಕ್ಕೆ ಇನ್ನೊಂದು ಕಡೆ ತಗ್ಗು. ಕೊನೆಗೆ ಬೇಲಿ ಮೊಣಕಾಲಿಗೆ ಬರುತ್ತದೆ.

ಎರಡನೇ ಪಾಠ ಆಕಾರದ್ದು. ಬೇಲಿಯ ಬುಡ ಅಗಲ ಇರಬೇಕು, ತಲೆ ಸ್ವಲ್ಪ ಸಣ್ಣದಿರಬೇಕು. ನಾವು ಬಿಟ್ಟರೆ ಗಿಡ ಇದರ ಉಲ್ಟಾ ಬೆಳೆಯುತ್ತದೆ. ಮೇಲೆ ಛತ್ರಿ ಹಾಗೆ ಹರಡಿ ಕೆಳಗಿನ ಎಲೆಗಳಿಗೆ ಬಿಸಿಲು ಬೀಳದ ಹಾಗೆ ಮಾಡುತ್ತದೆ. ಬಿಸಿಲು ಸಿಗದ ಎಲೆ ಉದುರುತ್ತದೆ, ಬುಡದಲ್ಲಿ ಬರೀ ಕಡ್ಡಿ ಉಳಿಯುತ್ತದೆ. ಹಾಗೆ ಒಮ್ಮೆ ಬೋಳಾದ ಬುಡ ಮತ್ತೆ ತುಂಬಿಕೊಳ್ಳಲಿಕ್ಕೆ ಬಹಳ ದಿನ ಬೇಕು. ಆದ್ದರಿಂದ ಪಕ್ಕ ಕತ್ತರಿಸುವಾಗ ಕೆಳಗಿಂದ ಮೇಲಕ್ಕೆ ಹೋಗಬೇಕು, ಮೇಲೆ ಹೋದ ಹಾಗೆ ಕತ್ತರಿ ಕೊಂಚ ಒಳಗೆ ವಾಲಬೇಕು.

ಮೂರನೆಯದು, ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ. ವರ್ಷಕ್ಕೊಮ್ಮೆ ಕುಡುಗೋಲು ತಂದು ಸವರಿ ಹಾಕಿದರೆ ಬೇಲಿ ಆಗುವುದಿಲ್ಲ. ಒಂದು ಸಲಕ್ಕೆ ಗಿಡದ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ನಮ್ಮ ಕಡೆ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಚಿಗುರು ಓಡಲಿಕ್ಕೆ ಶುರು ಮಾಡುತ್ತದೆ. ಆಗ ಡುರಾಂಟಾಕ್ಕೆ ಮೂರು ವಾರಕ್ಕೊಮ್ಮೆ ಕತ್ತರಿ ಬೇಕು. ದೀಪಾವಳಿ ಆದ ಮೇಲೆ ಆರು ವಾರಕ್ಕೊಮ್ಮೆ ಸಾಕು. ಮಾರ್ಚ್‌ನಿಂದ ಮೇ ತನಕ ಹೊರಗೆ ಚಾಚಿದ ಒಂದೆರಡು ಕಡ್ಡಿ ತೆಗೆಯುವುದು ಬಿಟ್ಟರೆ ಸುಮ್ಮನಿರುವುದೇ ಒಳ್ಳೆಯದು. ಬಿರುಬಿಸಿಲಿನಲ್ಲಿ ಕತ್ತರಿಸಿದರೆ ಒಳಗಿನ ಎಳೆ ಎಲೆ ಸುಟ್ಟು ಕಂದಾಗುತ್ತವೆ.

ತುದಿ ಕತ್ತರಿಸಿದರೆ ಗಿಡ ದಟ್ಟ ಆಗುವುದು ಯಾಕೆ ಅಂತ ನನಗೆ ಕುತೂಹಲ. ಓದಿ ನೋಡಿದೆ. ಗಿಡದ ತುದಿಮೊಗ್ಗಿನಲ್ಲಿ ಆಕ್ಸಿನ್ ಅನ್ನುವ ಹಾರ್ಮೋನ್ ತಯಾರಾಗುತ್ತದೆ. ಅದು ಕೆಳಗಿಳಿಯುತ್ತಾ, ಪಕ್ಕದ ಮೊಗ್ಗುಗಳು ಏಳದ ಹಾಗೆ ತಡೆಯುತ್ತದೆ. ತುದಿ ಹೋದರೆ ಆ ತಡೆ ಹೋಗುತ್ತದೆ. ಇಷ್ಟು ದಿನ ಮಲಗಿದ್ದ ಪಕ್ಕದ ಮೊಗ್ಗುಗಳು ಎದ್ದು, ಒಂದು ಕಡ್ಡಿ ಇದ್ದಲ್ಲಿ ಎರಡು ಮೂರು ಕಡ್ಡಿ ಬರುತ್ತವೆ. ಅಪ್ಪನಿಗೆ ಇದನ್ನು ವಿವರಿಸಿದೆ. "ದೊಡ್ಡಾವ ಸುಮ್ಮನಾದ್ರ ಸಣ್ಣವ್ರು ಮಾತಾಡ್ತಾರ, ಅಷ್ಟ ಅಲ್ಲೇನು?" ಅಂದರು. ಅಷ್ಟೇ.

ಹೊಸದಾಗಿ ಬೇಲಿ ಹಚ್ಚುವವರಿಗೆ ಇದರಿಂದಲೇ ಒಂದು ಮಾತು. ಸಸಿ ಬೇಗ ಎತ್ತರ ಆಗಲಿ ಅಂತ ಎರಡು ವರ್ಷ ಮುಟ್ಟದೆ ಬಿಡುತ್ತಾರೆ. ಬೇರು ಹಿಡಿದು ಚಿಗುರಿದ ಕೂಡಲೇ ಗೇಣುದ್ದಕ್ಕೆ ಕತ್ತರಿಸಬೇಕು. ಜೀವ ಚುರ್ ಅನ್ನುತ್ತದೆ, ಆದರೂ ಕತ್ತರಿಸಬೇಕು. ಬುಡದಿಂದಲೇ ಕವಲು ಒಡೆದ ಗಿಡ ಮಾತ್ರ ಮುಂದೆ ಬೇಲಿಯಾಗುತ್ತದೆ.

ಉಳಿದದ್ದು ಸಣ್ಣಪುಟ್ಟ ಸಂಗತಿ. ಕತ್ತರಿಗೆ ಸಾಣೆ ಹಿಡಿಸಿರಬೇಕು, ಮೊಂಡಾದರೆ ಕಡ್ಡಿ ಕತ್ತರಿಸುವುದಿಲ್ಲ, ಸಿಗಿಯುತ್ತದೆ. ಸಿಗಿದ ಜಾಗ ಒಣಗಿ ಕರ್ರಗಾಗುತ್ತದೆ. ಕೆಲಸ ಮುಗಿದ ಮೇಲೆ ಅಲಗು ಒರೆಸಿ ಎರಡು ಹನಿ ಎಣ್ಣೆ ಹಚ್ಚಬೇಕು. ಬ್ಯಾಟರಿ ಮಶಿನ್ ತಗೊಳ್ಳೋಣ ಅಂದರೆ ತಗೊಳ್ಳಿ, ಉದ್ದ ಬೇಲಿಗೆ ಅದು ಸಲೀಸು. ಇಪ್ಪತ್ತು ಮೂವತ್ತು ಅಡಿಗೆ ಕೈಕತ್ತರಿ ಸಾಕು. ಡುರಾಂಟಾದ ಹಳದಿ ಹಣ್ಣು ನೋಡಲಿಕ್ಕೆ ಚೆಂದ, ಆದರೆ ವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಗೊಂಚಲು ಬಿಡುವ ಮೊದಲೇ ಕತ್ತರಿಸಿಬಿಡಿ. ಬಿದ್ದ ಎಲೆ ಕಡ್ಡಿಗೆ ಬೆಂಕಿ ಹಚ್ಚಬೇಡಿ, ಮೂಲೆಯಲ್ಲಿ ಗುಂಡಿ ತೋಡಿ ಹಾಕಿದರೆ ಮುಂದಿನ ವರ್ಷಕ್ಕೆ ಗೊಬ್ಬರ.

ಇನ್ನೊಂದು, ಕತ್ತರಿ ಹಾಕುವ ಮೊದಲು ಬೇಲಿಯೊಳಗೆ ಕೈಯಿಂದ ಸರಿಸಿ ಇಣುಕಿ ನೋಡಿ. ಪಿಕಳಾರಗಳು ಇಂಥ ಎದೆಮಟ್ಟದ ಪೊದೆಯಲ್ಲೇ ಗೂಡು ಕಟ್ಟುವುದು. ಗೂಡಿದ್ದರೆ ಅದರ ಸುತ್ತ ಎರಡು ಅಡಿ ಬಿಟ್ಟುಬಿಡಿ. ಮೊಟ್ಟೆ ಇಟ್ಟಾಗಿನಿಂದ ಮರಿ ಹಾರುವ ತನಕ ನಾಲ್ಕು ವಾರದ ಲೆಕ್ಕ, ಆಮೇಲೆ ಕತ್ತರಿಸಿದರೆ ಬೇಲಿಗೇನೂ ಆಗುವುದಿಲ್ಲ.

ಉಪ್ಪಿನ ಬೇಲಿ

ಬೇಲಿ ಅಂದರೆ ಸಣ್ಣ ವಿಷಯ ಅಂತ ನಾನೂ ಅಂದುಕೊಂಡಿದ್ದೆ. ಚರಿತ್ರೆಯಲ್ಲಿ ಅದು ಸಣ್ಣದಾಗಿರಲಿಲ್ಲ. ನಮ್ಮ ಶ್ರೀರಂಗಪಟ್ಟಣದ ಕೋಟೆಗೂ ಹೊರಗೆ ಮುಳ್ಳುಗಿಡಗಳ ದಟ್ಟ ಬೇಲಿ ಸುತ್ತುವರಿದಿತ್ತು. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸ್‌ನ ಸೈನ್ಯ ಮೊದಲು ದಾಟಬೇಕಾಗಿ ಬಂದದ್ದು ಆ ಬೇಲಿಯನ್ನು.

ಅದಕ್ಕಿಂತ ದೊಡ್ಡ ಕಥೆ ಉತ್ತರ ಭಾರತದ್ದು. ಉಪ್ಪಿನ ತೆರಿಗೆ ತಪ್ಪಿಸಿ ಉಪ್ಪು ಸಾಗಿಸುವವರನ್ನು ತಡೆಯಲಿಕ್ಕೆ ಬ್ರಿಟಿಷರು ಸಿಂಧೂ ನದಿಯ ಕಡೆಯಿಂದ ಮಹಾನದಿಯ ಕಡೆಗೆ ಸುಮಾರು 4,000 ಕಿಲೋಮೀಟರ್ ಉದ್ದದ ಸುಂಕದ ಗಡಿ ಮಾಡಿದ್ದರು. ಅದರಲ್ಲಿ ನೂರಾರು ಮೈಲಿ ಜೀವಂತ ಮುಳ್ಳಿನ ಬೇಲಿ. ಮುಂದೆ 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಮುಂದಾದ ಎ.ಒ. ಹ್ಯೂಮ್ ಸಾಹೇಬರೇ ಕೆಲವು ವರ್ಷ ಇದರ ಮುಖ್ಯ ಅಧಿಕಾರಿ. ಕಾಯಲಿಕ್ಕೆ, ನೆಡಲಿಕ್ಕೆ, ಸವರಲಿಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ಜನ. ಬಡವರ ಬಾಯಿಂದ ಉಪ್ಪು ಕಸಿಯಲಿಕ್ಕೆ ಬೆಳೆಸಿದ ಬೇಲಿ ಅದು. 1879ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ನೂರಿಪ್ಪತ್ತು ವರ್ಷ ಕಳೆದ ಮೇಲೆ ರಾಯ್ ಮಾಕ್ಸ್‌ಹ್ಯಾಮ್ ಅನ್ನುವ ಇಂಗ್ಲಿಷ್ ಲೇಖಕರು ಅದನ್ನು ಹುಡುಕುತ್ತಾ ಊರೂರು ಅಲೆದರು. ಅವರ ಪುಸ್ತಕ ಬಂದದ್ದು 2001ರಲ್ಲಿ. ಅಷ್ಟು ಉದ್ದದ ಬೇಲಿಯಲ್ಲಿ ಅವರಿಗೆ ಸಿಕ್ಕದ್ದು ಎಲ್ಲೋ ಒಂದು ತುಣುಕು.

ಅದೇ ಕಾಲದ ಎಷ್ಟೋ ಗೋಡೆಗಳು ಇನ್ನೂ ನಿಂತಿವೆ. ಬೇಲಿ ಮಾತ್ರ, ಅದು ಸಾಮ್ರಾಜ್ಯದ್ದೇ ಇರಲಿ, ಕೈ ನಿಂತ ದಿನದಿಂದ ಬೇಲಿಯಾಗಿ ಉಳಿಯುವುದಿಲ್ಲ.

ಪುಣೆಯಿಂದ ಬಂದ ಫೋನು

ಮಾಸ್ತರು ತೀರಿಕೊಂಡು ಮೂರು ವರ್ಷ ಆಯಿತು. ಕಾಕು ಒಬ್ಬರೇ ಇದ್ದಾರೆ. ಮಗ ಪುಣೆಯಲ್ಲಿ ನೌಕರಿ, ನಾನು ಅಣ್ಣ ಅಂತೀನಿ. ಹೋದ ಚಳಿಗಾಲದಲ್ಲಿ ಹತ್ತಿರದ ಇನ್ನೊಂದು ಲೇಔಟಿನಲ್ಲಿ ಕಳ್ಳತನ ಆಯಿತು. ಮರುದಿನವೇ ಅಣ್ಣ ಅಪ್ಪನಿಗೆ ಫೋನ್ ಮಾಡಿದ. "ಕಾಕಾ, ಬೇಲಿ ತಗದು ಆರ್ ಫೂಟಿನ ಗ್ವಾಡಿ ಕಟ್ಟಿಸೋಣು. ಖರ್ಚು ಪೂರಾ ನಂದು. ಅವ್ವ ಒಬ್ಬಾಕಿನ ಇರ್ತಾಳ, ನನಗ ರಾತ್ರಿ ನಿದ್ದಿ ಬರವಲ್ದು."

ಅವನ ಮಾತಿನಲ್ಲಿ ತಪ್ಪೇನಿತ್ತು ಹೇಳಿ? ದೂರದಲ್ಲಿರುವ ಮಕ್ಕಳ ಭಯ ದೂರದಲ್ಲಿರುವವರಿಗೇ ಗೊತ್ತು. ನಾನೂ ನಾಲ್ಕು ವರ್ಷ ಬೆಂಗಳೂರಿನ ಪಿಜಿಯಲ್ಲಿದ್ದು, ಅಪ್ಪ ಫೋನ್ ಎತ್ತದಿದ್ದರೆ ಮೀಟಿಂಗ್ ನಡುವೆ ಬೆವರಿದವಳು. ಲೆಕ್ಕ ಹಾಕಿದರೂ ಗೋಡೆಯೇ ಸೋವಿ. ತಿಂಗಳಿಗೆ ಒಂದು ಭಾನುವಾರ ಉಳಿಯುತ್ತದೆ.

ಅಪ್ಪ ಫೋನಿನಲ್ಲಿ, "ನಿನ್ನ ಮನಿ, ನಿನ್ನ ಜವಾಬ್ದಾರಿ ತಮ್ಮಾ, ನಾ ಏನ್ ಬ್ಯಾಡ ಅನ್ನಲಿ" ಅಂದರು. ಇಟ್ಟ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಮಳೆಗಾಲ ಮುಗಿಯಲಿ, ಆಮೇಲೆ ಪಾಯ ತೋಡೋಣ ಅಂತ ತೀರ್ಮಾನ ಆಯಿತು. ಕಾಕುವನ್ನು ಯಾರೂ ಕೇಳಲಿಲ್ಲ. ಅವರೂ ಏನೂ ಹೇಳಲಿಲ್ಲ. ಅವ್ವ ಮಾತ್ರ ಒಮ್ಮೆ, "ಇನ್ನ ಮ್ಯಾಲ ಬೆಳಿಗ್ಗೆ ಯಾರ ಮಾರಿ ನೋಡಬೇಕು ನಾನು" ಅಂದಳು. ನಗುತ್ತಾ ಅಂದದ್ದು, ಆದರೆ ನಗೆಯ ಮಾತಾಗಿರಲಿಲ್ಲ.

ಆಷಾಢ ಏಕಾದಶಿಯ ಮುಂಜಾನೆ. ಕಾಕುಗೆ ಉಪವಾಸ. ದಿನಾ ಏಳರ ಹೊತ್ತಿಗೆ ಅವರು ತುಳಸಿಗೆ ನೀರು ಹಾಕುತ್ತಾರೆ, ಅದೇ ಹೊತ್ತಿಗೆ ಅವ್ವ ಅಂಗಳಕ್ಕೆ ರಂಗೋಲಿ ಹಾಕಿ ಎದ್ದು ನಿಲ್ಲುತ್ತಾಳೆ. ಬೇಲಿಯ ಮೇಲಿಂದ ಎರಡು ಮಾತು. ಅವತ್ತು ಅವ್ವ ಎದ್ದು ನಿಂತಾಗ ಆ ಕಡೆ ಕಾಕು ಕಾಣಲಿಲ್ಲ. ತುಳಸಿಕಟ್ಟೆಯ ಮೇಲೆ ತಾಮ್ರದ ಚಂಬು ಮಾತ್ರ ಕಾಣುತ್ತಿತ್ತು. "ವೈನೀ" ಅಂತ ಎರಡು ಸಲ ಕೂಗಿದಳು. ಉತ್ತರ ಇಲ್ಲ. ನನ್ನನ್ನು ಕರೆದುಕೊಂಡು ಗೇಟು ದಾಟಿ ಓಡಿದಳು.

ಕಾಕು ಕಟ್ಟೆಗೆ ಆತು ನೆಲಕ್ಕೆ ಕುಸಿದಿದ್ದರು. ಮೈಯೆಲ್ಲಾ ಬೆವರು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಅವರಿಗೆ ಶುಗರ್. ಉಪವಾಸ ಅಂತ ಊಟ ಬಿಟ್ಟಿದ್ದರು, ಗುಳಿಗೆ ಬಿಟ್ಟಿರಲಿಲ್ಲ. ಎಚ್ಚರ ಇತ್ತು, ನುಂಗುತ್ತಿದ್ದರು. ಅವ್ವ ಒಳಗೋಡಿ ಸಕ್ಕರೆ ನೀರು ತಂದು ಗುಟುಕು ಗುಟುಕಾಗಿ ಕುಡಿಸಿದಳು. ನಾನು ಆಟೋ ಕರೆದೆ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕಣ್ಣು ಬಿಟ್ಟು, "ಗ್ಯಾಸ್ ಬಂದ್ ಮಾಡಿದಿರೇನು?" ಅಂತ ಕೇಳಿದರು. ಬಿದ್ದಾಗ ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತ್ತು. ಶುಗರ್ ಹಾಗೆ ಇಳಿದಾಗ ತಡ ಆದರೆ ಪ್ರಜ್ಞೆ ಹೋಗುತ್ತದೆ, ಜೀವಕ್ಕೂ ಅಪಾಯ ಅಂತ ಡಾಕ್ಟರ್ ಅಂದರು. ಗುಳಿಗೆ ತಗೊಳ್ಳುವವರು ಉಪವಾಸ ಮಾಡುವ ಮೊದಲು ನಮ್ಮನ್ನು ಕೇಳಬೇಕು ಅಂತ ಬಯ್ದೂ ಕಳಿಸಿದರು.

ಅಣ್ಣ ಅದೇ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಬಂದ. ಮಧ್ಯಾಹ್ನ ನಮ್ಮ ಅಂಗಳಕ್ಕೆ ಬಂದು, ಅವ್ವ ಎಲ್ಲಿ ನಿಂತಿದ್ದಳು ಅಂತ ಕೇಳಿ, ಅಲ್ಲಿ ಹೋಗಿ ನಿಂತುಕೊಂಡ. ಅಲ್ಲಿಂದ ತಮ್ಮ ಮನೆ ಕಡೆ ನೋಡಿದ. ತುಳಸಿಕಟ್ಟೆ ಕಾಣುತ್ತಿತ್ತು, ಅಡಿಗೆಮನೆ ಬಾಗಿಲು ಕಾಣುತ್ತಿತ್ತು. ಏನೂ ಮಾತಾಡಲಿಲ್ಲ. ಸಂಜೆ ಅಪ್ಪನ ಹತ್ತಿರ ಕೂತು ಹೊಸ ಲೆಕ್ಕ ಹೇಳಿದ.

ಸಿನಿಮಾದ ಹಾಗೆ ಎಲ್ಲಾ ಸರಿಹೋಗಲಿಲ್ಲ. ಹಿತ್ತಲ ಕಡೆ ಗೋಡೆ ಬೇಕೇ ಬೇಕು ಅಂದ, ಅಲ್ಲಿ ಕತ್ತಲೆ, ಹಿಂದೆ ಖಾಲಿ ಸೈಟು. ಅದು ನ್ಯಾಯವೇ. ಮಾಸ್ತರು ತಮ್ಮೂರಿಂದ ತಂದು ಹಚ್ಚಿದ್ದ ಮದರಂಗಿ ಸಾಲು ಹೋಯಿತು. ಕಡಿಯುವ ದಿನ ಕಾಕು ಕಟ್ಟು ಹಾಕಿದ ಕೈಯಲ್ಲೇ ನಿಂತು, ಆರು ಕಡ್ಡಿ ಆರಿಸಿ ನನ್ನ ಕೈಲಿ ಕುಂಡದಲ್ಲಿ ನೆಡಿಸಿದರು. ನಾಲ್ಕು ಚಿಗುರಿವೆ. ಅಂಗಳದ ಕಡೆಯ ಇಪ್ಪತ್ತೆರಡು ಅಡಿ ಡುರಾಂಟಾ ಉಳಿಯಿತು. ಗೇಟಿಗೆ ಒಂದು ಕ್ಯಾಮೆರಾ ಬಂತು, ಅದರ ಫೀಡು ಪುಣೆಗೆ ಹೋಗುತ್ತದೆ. ಹೊರಡುವಾಗ ಅಣ್ಣ ನನಗೆ ಹೇಳಿದ್ದು ಒಂದೇ ಮಾತು. "ನಾಕ್ ಫೂಟ್ ದಾಟಾಕ ಬಿಡಬ್ಯಾಡ ತಂಗಿ."

ಎರಡೂ ಮಗ್ಗುಲು ಈಗ ನಾನೇ ಕತ್ತರಿಸುತ್ತೇನೆ. ಅಪ್ಪನ ಭುಜ ಅರ್ಧ ಸುಧಾರಿಸಿದೆ, ದಾರ ಕಟ್ಟುವಷ್ಟು. ಆ ಕಡೆ ಹೋಗಿ ಕತ್ತರಿಸುವಾಗ ಕಾಕು ಚಹಾ ಕೊಡುತ್ತಾರೆ, ಮಾಸ್ತರು ಯಾವ ಮೂಲೆಯನ್ನು ಹೇಗೆ ಸವರುತ್ತಿದ್ದರು ಅಂತ ತೋರಿಸುತ್ತಾರೆ. ಒಂದು ತಾಸಿನ ಕೆಲಸ ಎರಡು ತಾಸು ಆಗುತ್ತದೆ.

ನನ್ನ ವಯಸ್ಸಿನ ಓದುಗರಿಗೆ ನಾನು ಗೋಡೆ ಬೇಡ, ಬೇಲಿ ಹಚ್ಚಿ ಅಂತ ಹೇಳುವುದಿಲ್ಲ. ಜಾಗ, ಭಯ, ದುಡ್ಡು ಎಲ್ಲರಿಗೂ ಬೇರೆ ಬೇರೆ. ಬೇಲಿಗೆ ಜಾಗ ಇದ್ದರೆ ಮಾತ್ರ ಇಷ್ಟು ಮಾಡಿ. ಗಿಡ ಆರಿಸುವ ಮೊದಲು, ಆ ಕಡೆಯ ಮನೆಯವರನ್ನು ಕರೆದು ಎತ್ತರ ಮಾತಾಡಿಕೊಳ್ಳಿ. ಅವರ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದರೆ, ಅವರು ದಿನಾ ಎಲ್ಲಿ ನಿಲ್ಲುತ್ತಾರೆ ನೋಡಿಕೊಂಡು ಅಳತೆ ಇಡಿ. ಆಮೇಲೆ ಫೋನಿನಲ್ಲಿ ಮೂರು ವಾರಕ್ಕೊಂದು ರಿಮೈಂಡರ್ ಹಾಕಿ. ಗಿಡ ಬೆಳೆಯುವುದನ್ನು ಮರೆಯುವುದಿಲ್ಲ, ಮರೆಯುವುದು ನಾವು.